ಕಡಿಮೆ ಬಜೆಟ್ಟಿನ ಸ್ಲಾಷರ್ ಸಿನಿಮಾಕ್ಕೆ ವಿಮರ್ಶೆ ಬರುವವರೆಗೆ: ರಾಯಚೂರಿನ ನಮ್ಮ ಅನುಭವ

ಹೋದ ವಾರ ಒಂದು ಓಟಿಟಿ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿ ಬಂದೆ. ಅಲ್ಲಿಗೆ ನಮ್ಮ ಸಿನಿಮಾದ ಓಡಾಟ ಮುಗಿಯಿತು. ನಮ್ಮದು ಸ್ಲಾಷರ್, ಅಂದರೆ ಒಬ್ಬ ಕೊಲೆಗಾರ ಒಬ್ಬೊಬ್ಬರನ್ನೇ ಬೆನ್ನಟ್ಟಿ ಕೊಲ್ಲುವ ಥರದ ಹಾರರ್. ಸಿನಿಮಾ ಹೇಗೆ ಮಾಡಬೇಕು ಅಂತ ಹೇಳಿಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ಮಾಡಿದ ಮೇಲೆ ಅದು ಸೆನ್ಸಾರ್ ದಾಟಿ, ವಿಮರ್ಶಕರ ಕಣ್ಣಿಗೆ ಬಿದ್ದು, ಅವರು ಬರೆದದ್ದನ್ನು ನಾವು ಓದಿ ಅರಗಿಸಿಕೊಳ್ಳುವವರೆಗೆ ಏನೇನು ಆಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳುವವರು ಕಡಿಮೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಈಗ ಒಳ್ಳೆ ಕ್ಯಾಮೆರಾ ಹಿಡಿದ ಹುಡುಗರು ಜಾಸ್ತಿ ಆಗಿದ್ದಾರೆ. ಅವರಲ್ಲಿ ಹಲವರು ಹಾರರ್ ಮಾಡಬೇಕು ಅಂತಾನೇ ಹೊರಡುತ್ತಾರೆ, ಯಾಕಂದ್ರೆ ದೊಡ್ಡ ಹೀರೋ ಬೇಡ, ಹಾಡು ಬೇಡ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಿನಿಮಾದ ಹೆಸರು ಹೇಳುವುದಿಲ್ಲ. ಇದು ಪ್ರಚಾರಕ್ಕೆ ಬರೆದದ್ದಲ್ಲ.

ನನ್ನದು ಮದುವೆ ವಿಡಿಯೋ ಮಾಡುವ ಸ್ಟುಡಿಯೋ. ಕಥೆ ಹುಟ್ಟಿದ್ದು ನಮ್ಮೂರ ಜಿನ್ನಿಂಗ್ ಫ್ಯಾಕ್ಟರಿಗಳಿಂದ, ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಫ್ಯಾಕ್ಟರಿಗಳಿಂದ. ಹತ್ತಿ ಸೀಸನ್‌ನಲ್ಲಿ, ಅಂದರೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಅಲ್ಲಿ ರಾತ್ರಿ ಪಾಳಿ ನಡೆಯುತ್ತದೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಹತ್ತಿ ಧೂಳಿಗೆ ಎಲ್ಲರೂ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಯಾರು ಯಾರು ಅಂತ ಕಣ್ಣು ನೋಡಿಯೇ ಗುರುತು ಹಿಡಿಯಬೇಕು. ನಮ್ಮ ಕೊಲೆಗಾರನೂ ಹಾಗೆ ಬಟ್ಟೆ ಕಟ್ಟಿದವರಲ್ಲಿ ಒಬ್ಬ. ಕೈಯಲ್ಲಿ ಕುಡಗೋಲು. ಮುಚ್ಚಿಹೋದ ಒಂದು ಫ್ಯಾಕ್ಟರಿಯನ್ನು ಬಾಡಿಗೆಗೆ ಹಿಡಿದು ಏಪ್ರಿಲ್‌ನಲ್ಲಿ ಶೂಟಿಂಗ್ ಮಾಡಿದೆವು. ತಗಡಿನ ಶೆಡ್ಡು ರಾತ್ರಿ ಆದರೂ ಆರುತ್ತಿರಲಿಲ್ಲ. ಒಟ್ಟು ಖರ್ಚು 22 ಲಕ್ಷದ ಆಸುಪಾಸು. ಅದರಲ್ಲಿ ಅರ್ಧ ನನ್ನದು, ಉಳಿದದ್ದು ಗೆಳೆಯರದ್ದು.

ಎಡಿಟಿಂಗ್ ಮುಗಿದ ಮೇಲೆ ಮನೆಯಲ್ಲಿ ಅವ್ವನಿಗೆ ತೋರಿಸಿದೆ. ಪೂರ್ತಿ ನೋಡಿದಳು. ಕೊನೆಗೆ ಕೇಳಿದ್ದು ಒಂದೇ ಮಾತು: "ಇಷ್ಟ್ ರಗತ ಯಾಕ ಬೇಕಿತ್ತೋ ತಮ್ಮಾ?" ಮುಂದೆ ಬಂದ ವಿಮರ್ಶೆಗಳಲ್ಲಿ ಅರ್ಧದಷ್ಟು ಇದೇ ಪ್ರಶ್ನೆ ಕೇಳಿದವು. ಹಾಗಾಗಿ ಅವತ್ತೇ ಕೂತು ಉತ್ತರ ಯೋಚಿಸಿ ಬರೆದಿಟ್ಟುಕೊಂಡದ್ದು ಒಳ್ಳೆಯದಾಯಿತು. ನೀವೂ ಹಾಗೇ ಮಾಡಿ. ಪತ್ರಕರ್ತರು ಮೈಕ್ ಹಿಡಿದಾಗ ಯೋಚಿಸಲು ಟೈಮ್ ಸಿಗುವುದಿಲ್ಲ.

ಈಗ ಕಾಗದಪತ್ರದ ವಿಷಯ.

ಥಿಯೇಟರಿಗೆ ಹೋಗಬೇಕಾದರೆ ಸೆನ್ಸಾರ್ ಬೇಕೇ ಬೇಕು. ಕನ್ನಡ ಸಿನಿಮಾಗಳನ್ನು ನೋಡುವ ಪ್ರಾದೇಶಿಕ ಕಚೇರಿ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಅರ್ಜಿ ಮಾತ್ರ ಆನ್‌ಲೈನ್, 'ಇ-ಸಿನೆಪ್ರಮಾಣ್' ಪೋರ್ಟಲ್‌ನಲ್ಲಿ. ಅದಕ್ಕೆ ಮೊದಲು ಟೈಟಲ್ ನೋಂದಣಿ ಪತ್ರ ಕೈಯಲ್ಲಿರಲಿ. ನಾವು ಮೊದಲು ಕೊಟ್ಟ ಹೆಸರು ಆಗಲೇ ಯಾರದೋ ಹೆಸರಿನಲ್ಲಿತ್ತು. ಪೋಸ್ಟರ್ ಡಿಸೈನ್ ಆಗಿರಲಿಲ್ಲ, ಅದೃಷ್ಟ. ಕಥೆಯ ಸಾರಾಂಶ, ಸಂಭಾಷಣೆಯ ಪೂರ್ತಿ ಪ್ರತಿ, ಹಾಡಿದ್ದರೆ ಸಾಹಿತ್ಯ, ಇವನ್ನೆಲ್ಲ ಟೈಪ್ ಮಾಡಿಸಿಟ್ಟುಕೊಳ್ಳಿ. ಸೆಟ್‌ನಲ್ಲಿ ನಟರು ಬದಲಾಯಿಸಿದ ಮಾತುಗಳೂ ಆ ಪ್ರತಿಯಲ್ಲಿ ಬರಬೇಕು. ನಮ್ಮ ಹುಡುಗಿಯರು ರಾಯಚೂರಿನ ಮಾತನ್ನೇ ಆಡಿದ್ದರು, ಸ್ಕ್ರಿಪ್ಟ್‌ನಲ್ಲಿ ಇರದದ್ದು ಬೇಕಾದಷ್ಟಿತ್ತು. ಇಡೀ ಸಿನಿಮಾ ಕೇಳಿಕೊಂಡು ಮತ್ತೆ ಬರೆದೆವು.

ಬೀಡಿ, ಸಿಗರೇಟು ತೋರಿಸಿದರೆ ಸಿನಿಮಾದ ಆರಂಭದಲ್ಲಿ, ನಡುವೆ ಆರೋಗ್ಯದ ಜಾಹೀರಾತು ಹಾಕಬೇಕು. ಸೇದುವಷ್ಟು ಹೊತ್ತೂ ತೆರೆಯ ಕೆಳಗೆ ಎಚ್ಚರಿಕೆಯ ಸಾಲು ಬರಬೇಕು. ಹೆದರಿಕೆ ಕಟ್ಟುವ ದೃಶ್ಯದಲ್ಲಿ ಕೆಳಗೆ ಅಕ್ಷರ ಬಂದರೆ ಹೆದರಿಕೆ ಅಲ್ಲೇ ಹೋಯಿತು. ಕಾವಲುಗಾರನ ಬೀಡಿಯನ್ನು ಸ್ಕ್ರಿಪ್ಟ್‌ನಲ್ಲೇ ತೆಗೆದಿದ್ದೆವು. ಎತ್ತಿನ ಬಂಡಿ ಇಟ್ಟಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕಾಗುತ್ತಿತ್ತು. ಅದರ ಕಚೇರಿ ಇರುವುದು ಹರಿಯಾಣದಲ್ಲಿ. ಅದಕ್ಕೇ ಹತ್ತಿ ಅಂಡಿಗೆಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ಟ್ರ್ಯಾಕ್ಟರ್‌ನಲ್ಲಿ ತರಿಸಿದೆವು. ಆದರೂ ಒಂದು ಶಾಟ್‌ನಲ್ಲಿ ಫ್ಯಾಕ್ಟರಿಯ ನಾಯಿ ತಾನಾಗಿ ಬಂದು ನಿಂತಿತ್ತು. ಬಹಳ ಚಂದದ ಶಾಟ್ ಅದು. ಅದನ್ನೂ ಕತ್ತರಿಸಿ ಹಾಕಿದೆವು.

ಅರ್ಜಿ ಹಾಕಿದ ಮೇಲೆ ಕಾಯುವುದು. ಬಿಡುಗಡೆ ದಿನಾಂಕ ಮೊದಲೇ ಘೋಷಿಸಬೇಡಿ ಅಂತ ಸಿನಿಮಾದ ಬಣ್ಣ ಹೊಂದಿಸುವ ನಮ್ಮ ಕಲರಿಸ್ಟ್ ಹೇಳಿದ್ದ. ಆ ಮಾತು ಕೇಳಿದ್ದಕ್ಕೆ ನಿದ್ದೆ ಬಂತು. ಕಾಯುವ ದಿನಗಳಲ್ಲಿ ನಾನೂ ನನ್ನ ಎಡಿಟರ್ ಗೆಳೆಯನೂ ಕೂತು ಹಳೆಯ ಸ್ಲಾಷರ್ ಸಿನಿಮಾಗಳಿಗೆ ಆಗ ಯಾರು ಏನು ಬರೆದಿದ್ದರು ಅಂತ ಹುಡುಕಿ ಓದಿದೆವು. ಮುಂದೆ ವಿಮರ್ಶೆಗಳು ಬಂದಾಗ ನಮ್ಮನ್ನು ನಿಲ್ಲಿಸಿದ್ದು ಈ ಓದೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1974ರಲ್ಲಿ ಟೋಬಿ ಹೂಪರ್ 'ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಮಾಡಿದ. ಒಂದೂವರೆ ಲಕ್ಷ ಡಾಲರ್‌ಗೂ ಕಡಿಮೆ ಹಣ, ಟೆಕ್ಸಸ್‌ನ ಬೇಸಿಗೆ, ಕಿಟಕಿ ಮುಚ್ಚಿದ ಮನೆಯೊಳಗೆ ಶೂಟಿಂಗ್. ಆಗಿನ ಹಲವು ವಿಮರ್ಶಕರು ಅದನ್ನು ಹೇಸಿಗೆ ಅಂತ ಬರೆದರು. ಬ್ರಿಟನ್ನಿನ ಸೆನ್ಸಾರ್ 1975ರಲ್ಲಿ ಪ್ರಮಾಣಪತ್ರ ಕೊಡಲಿಲ್ಲ. ಒಂದೂ ಕಟ್ ಇಲ್ಲದೆ ಅಲ್ಲಿ ಪಾಸಾದದ್ದು 1999ರಲ್ಲಿ. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲಿದೆ. 2024ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೂ, ಅಂದರೆ ಕಾಪಾಡಿ ಇಡಬೇಕಾದ ಸಿನಿಮಾಗಳ ಪಟ್ಟಿಗೂ, ಸೇರಿತು. ವಿಶೇಷ ಏನಂದ್ರೆ, ಆ ಸಿನಿಮಾದಲ್ಲಿ ಕಾಣುವ ರಕ್ತ ಬಹಳ ಕಡಿಮೆ. ಸದ್ದು, ಬೆವರು, ಕಿರುಚಾಟವೇ ಜಾಸ್ತಿ. ನೋಡಿದವರಿಗೆ ಮಾತ್ರ ರಕ್ತ ಹರಿದಂತೆ ನೆನಪು.

1978ರ 'ಹ್ಯಾಲೋವೀನ್' ಕಥೆ ಬೇರೆ. ಜಾನ್ ಕಾರ್ಪೆಂಟರ್ ಮತ್ತು ನಿರ್ಮಾಪಕಿ ಡೆಬ್ರಾ ಹಿಲ್ ಅದನ್ನು ಸುಮಾರು 3 ಲಕ್ಷ ಡಾಲರ್‌ನಲ್ಲಿ ಮಾಡಿದರು. ಕೊಲೆಗಾರನ ಮುಖವಾಡ ಅಂಗಡಿಯಿಂದ ತಂದ ಅಗ್ಗದ್ದು. ಸಂಗೀತ ಕಾರ್ಪೆಂಟರ್‌ದೇ. ದೊಡ್ಡ ವಿಮರ್ಶಕಿ ಪಾಲಿನ್ ಕೇಲ್ ಅದನ್ನು ಒಪ್ಪಲಿಲ್ಲ. ನ್ಯೂಯಾರ್ಕಿನ ವಾರಪತ್ರಿಕೆ 'ವಿಲೇಜ್ ವಾಯ್ಸ್'ನಲ್ಲಿ ಟಾಮ್ ಅಲೆನ್ ಮೆಚ್ಚಿ ಬರೆದ ಮೇಲೆ ಉಳಿದವರು ತಿರುಗಿ ನೋಡಿದರು. ಇನ್ನೊಬ್ಬ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟ. 2006ರಲ್ಲಿ ಅದೂ ಅದೇ ರಿಜಿಸ್ಟ್ರಿಗೆ ಹೋಯಿತು.

ಆದರೆ ಅದರ ಗೆಲುವು ನೋಡಿ ಸಾಲಾಗಿ ಬಂದ ಸಿನಿಮಾಗಳಿಗೆ ಈ ಅದೃಷ್ಟ ಇರಲಿಲ್ಲ. 1980ರಲ್ಲಿ ಈಬರ್ಟ್ ಮತ್ತು ಅವನ ಜೊತೆಯ ವಿಮರ್ಶಕ ಜೀನ್ ಸಿಸ್ಕೆಲ್ ತಮ್ಮ ಟಿವಿ ಕಾರ್ಯಕ್ರಮದ ಒಂದು ಇಡೀ ಕಂತನ್ನು ಇಂಥ ಸಿನಿಮಾಗಳ ವಿರುದ್ಧವೇ ಮಾಡಿದರು. ಹೆಂಗಸರನ್ನು ಬೆನ್ನಟ್ಟಿ ಕೊಲ್ಲುವುದನ್ನೇ ಮನರಂಜನೆ ಮಾಡಿದ್ದಾರೆ, ಕ್ಯಾಮೆರಾ ಕೊಲೆಗಾರನ ಕಣ್ಣಾಗಿದೆ ಅನ್ನೋದು ಅವರ ದೂರು. 'ಹ್ಯಾಲೋವೀನ್' ಮಾತ್ರ ಬೇರೆ ಅಂತ ಅದೇ ಕಂತಿನಲ್ಲಿ ಬಿಡಿಸಿ ಹೇಳಿದರು. ಏಳು ವರ್ಷ ಆದ ಮೇಲೆ, 1987ರಲ್ಲಿ, ಕ್ಯಾರಲ್ ಕ್ಲೋವರ್ ಎಂಬ ಪ್ರಾಧ್ಯಾಪಕಿ ಬೇರೆ ವಾದ ಮುಂದಿಟ್ಟರು. ಕೊನೆಗೆ ಉಳಿದು ಎದುರು ನಿಲ್ಲುವ ಹುಡುಗಿಯನ್ನು 'ಫೈನಲ್ ಗರ್ಲ್' ಅಂತ ಕರೆದು, ಥಿಯೇಟರಿನಲ್ಲಿ ಕೂತ ಗಂಡು ಹುಡುಗರೂ ಕೊನೆಗೆ ಅವಳ ಪಕ್ಷವೇ ಆಗುತ್ತಾರೆ ಅಂದರು. 1992ರಲ್ಲಿ ಅದು ಪುಸ್ತಕವಾಗಿಯೂ ಬಂತು. ಈ ಎರಡೂ ವಾದಗಳನ್ನು ಓದಿಕೊಂಡೇ ವಿಮರ್ಶೆಗೆ ಹೋಗಿ. ಇವತ್ತು ಬೆಂಗಳೂರಿನಲ್ಲಿ ಸ್ಲಾಷರ್ ಬಗ್ಗೆ ಬರೆಯುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಇವೆರಡರಲ್ಲಿ ಒಂದನ್ನು ಹಿಡಿದುಕೊಂಡಿರುತ್ತಾರೆ.

ಸೆನ್ಸಾರ್ ಪ್ರದರ್ಶನದ ದಿನ ಬಂತು. ರಾತ್ರಿ ರೈಲಿಗೆ ಹೊರಟು ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದೆ. ಸಿನಿಮಾ ನೋಡುವಾಗ ನಮ್ಮನ್ನು ಒಳಗೆ ಬಿಡುವುದಿಲ್ಲ. ಮುಗಿದ ಮೇಲೆ ಕರೆದು ಮಾತಾಡುತ್ತಾರೆ. ನಮಗೆ 'ಎ', ಅಂದರೆ ದೊಡ್ಡವರಿಗೆ ಮಾತ್ರ ಅನ್ನೋ ಪ್ರಮಾಣಪತ್ರ, ಸಿಗುತ್ತದೆ ಅಂತ ಗೊತ್ತಿತ್ತು. 2023ರ ತಿದ್ದುಪಡಿ ಆದ ಮೇಲೆ, ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಯುಎ ಒಳಗೇ 7+, 13+, 16+ ಅಂತ ಮೂರು ಮೆಟ್ಟಿಲು ಬಂದಿವೆ. ಯುಎ 16+ಗೆ ಇಳಿಸಬೇಕಾದರೆ ಸಿನಿಮಾದ ಅರ್ಧ ಕೊಲೆಗಳನ್ನು ಬಿಡಬೇಕಿತ್ತು. ಅದಕ್ಕೆ ಮನಸ್ಸು ಒಪ್ಪಲಿಲ್ಲ. ಆದರೆ ಒಂದು ವಿಷಯ ತಿಳಿದುಕೊಂಡು ನಿರ್ಧಾರ ಮಾಡಿ: 'ಎ' ಸಿನಿಮಾವನ್ನು ಟಿವಿಯಲ್ಲಿ ಹಾಗೇ ಹಾಕುವಂತಿಲ್ಲ. ಟಿವಿ ಬೇಕಂದ್ರೆ ಮತ್ತೆ ಕತ್ತರಿಸಿ ಬೇರೆ ಪ್ರಮಾಣಪತ್ರ ಪಡೆಯಬೇಕು. ಸ್ಯಾಟಲೈಟ್ ಹಕ್ಕಿನ ಹಣ ಲೆಕ್ಕ ಹಾಕಿಕೊಂಡು ಸಾಲ ಮಾಡಿದ್ದರೆ ತೊಂದರೆ.

'ಎ' ಜೊತೆಗೆ ಕೆಲವು ಕಟ್ ಹೇಳಿದರು. ಒಪ್ಪದಿದ್ದರೆ ಸೆನ್ಸಾರ್‌ನವರದ್ದೇ ಸಿನಿಮಾವನ್ನು ಮತ್ತೆ ನೋಡುವ ರಿವೈಸಿಂಗ್ ಕಮಿಟಿಗೆ ಹೋಗಬಹುದು. ಅದಕ್ಕೂ ಮೇಲೆ ಮೊದಲು ಒಂದು ಟ್ರಿಬ್ಯೂನಲ್ ಇತ್ತು, 2021ರಲ್ಲಿ ಅದನ್ನು ತೆಗೆದರು. ಈಗ ನೇರ ಹೈಕೋರ್ಟ್. ನಮ್ಮಂಥವರಿಗೆ ವಕೀಲರ ಫೀಸು ಎಲ್ಲಿಂದ ಬರಬೇಕು? ಕಟ್ ಒಪ್ಪಿಕೊಂಡೆವು. ಅವುಗಳಲ್ಲಿ ಮುಖ್ಯವಾದದ್ದು ಎರಡನೇ ಕೊಲೆ. ಅಂಡಿಗೆಗಳ ಮಧ್ಯೆ ನಡೆಯುವ ಆ ದೃಶ್ಯವನ್ನು ಬಹಳಷ್ಟು ಚಿಕ್ಕದು ಮಾಡಬೇಕಿತ್ತು.

ಇಲ್ಲಿ ಒಂದು ಕಿವಿಮಾತು. ಚಿತ್ರ ಕತ್ತರಿಸಿದರೆ ಸದ್ದೂ ಕತ್ತರಿಸುತ್ತದೆ. ಹಿನ್ನೆಲೆ ಸಂಗೀತ, ಮಾತು, ಎಫೆಕ್ಟ್ ಮೂರನ್ನೂ ಬೇರೆ ಬೇರೆ ಫೈಲ್ ಆಗಿ ಮಿಕ್ಸಿಂಗ್ ಸ್ಟುಡಿಯೋದಿಂದ ಮೊದಲೇ ತೆಗೆದಿಟ್ಟುಕೊಳ್ಳಿ. ನಮಗೆ ಮಿಕ್ಸ್ ಮಾಡಿಕೊಟ್ಟ ಸ್ಟುಡಿಯೋ ಆ ಫೈಲ್‌ಗಳಿಗೆ ಮತ್ತೆ ಹಣ ಕೇಳಿತು. ಮಾತುಕತೆ, ಜಗಳ, ಕೊನೆಗೆ 18 ಸಾವಿರ ಕೊಟ್ಟು ಬಿಡಿಸಿಕೊಂಡೆವು. ಮೊದಲ ಬಿಲ್ಲಿನಲ್ಲೇ ಇದನ್ನು ಬರೆಸಿಕೊಳ್ಳಿ. ಕತ್ತರಿಸಿದ ಭಾಗವನ್ನು ಒಪ್ಪಿಸಿ, ಹೊಸ ಪ್ರತಿ ಪರಿಶೀಲನೆ ಆಗಿ, ಪ್ರಮಾಣಪತ್ರ ಕೈಗೆ ಬಂದಾಗ ಕೋರಮಂಗಲದ ರಸ್ತೆಯಲ್ಲೇ ನಿಂತು ಹೀರೋಯಿನ್‌ಗೆ ಫೋನ್ ಮಾಡಿದೆ. ಅವಳು ಮಾನ್ವಿಯ ಹುಡುಗಿ, ಇದೇ ಮೊದಲ ಸಿನಿಮಾ. "ಸರ್, ನನ್ ಸೀನ್ ಉಳದಾವಲ್ರೀ?" ಅಂತ ಕೇಳಿದಳು. ಉಳಿದಿದ್ದವು.

ಮುಂದಿನದು ಪ್ರೆಸ್ ಶೋ, ಅಂದರೆ ಪತ್ರಕರ್ತರಿಗೆ, ವಿಮರ್ಶಕರಿಗೆ ಸಿನಿಮಾ ತೋರಿಸುವುದು. ಇದನ್ನು ಮಾಡಲೇಬೇಕಾ ಅಂತ ಬಹಳ ಜನ ಕೇಳುತ್ತಾರೆ. ಕಡಿಮೆ ಬಜೆಟ್ಟಿನ ಸ್ಲಾಷರ್‌ಗೆ ಮಾಡಲೇಬೇಕು. ಒಂದೇ ಶುಕ್ರವಾರ ಹಲವು ಕನ್ನಡ ಸಿನಿಮಾ ಬರುತ್ತವೆ. ಹೆಸರಿಲ್ಲದ ನಟರ, ಮಚ್ಚು ಹಿಡಿದ ಪೋಸ್ಟರಿನ ಸಿನಿಮಾವನ್ನು ತಾವಾಗಿ ಟಿಕೆಟ್ ತೆಗೆದು ನೋಡುವ ವಿಮರ್ಶಕರು ಎಲ್ಲೋ ಒಬ್ಬಿಬ್ಬರು. ಪ್ರಿವ್ಯೂ ಥಿಯೇಟರ್ ಬಾಡಿಗೆ, ಕಾಫಿ ತಿಂಡಿ, ಪತ್ರಕರ್ತರನ್ನು ಸಂಪರ್ಕಿಸಿ ಪ್ರಚಾರ ನೋಡಿಕೊಳ್ಳುವ ಪಿಆರ್‌ಒ ಸಂಭಾವನೆ, ತಂಡದ ಪ್ರಯಾಣ ಎಲ್ಲ ಸೇರಿ ನಮಗೆ 90 ಸಾವಿರದ ಹತ್ತಿರ ಆಯಿತು. ಪಿಆರ್‌ಒ ಇಲ್ಲದೆ ಮಾಡೋಣ ಅಂತ ಯೋಚಿಸಿದ್ದೆವು. ಆದರೆ ಯಾವ ಪತ್ರಿಕೆಯಲ್ಲಿ ಯಾರು ಬರೆಯುತ್ತಾರೆ, ಯಾರಿಗೆ ಯಾವತ್ತು ಬಿಡುವು ಅಂತ ನಮಗೆ ಗೊತ್ತಿರಲಿಲ್ಲ. ಕೊಟ್ಟ ಹಣ ದಂಡ ಆಗಲಿಲ್ಲ.

ಪ್ರೆಸ್ ನೋಟ್ ನೀವೇ ಬರೆಯಿರಿ. ನಾವು ಅದರಲ್ಲಿ ಸೀಸನ್‌ನ ರಾತ್ರಿ ಪಾಳಿ, ಮುಖಕ್ಕೆ ಕಟ್ಟುವ ಬಟ್ಟೆ, ಸದ್ದಿನಲ್ಲಿ ಕೂಗಿದರೂ ಕೇಳದ ಯಂತ್ರ, ಇಷ್ಟನ್ನು ಒಂದು ಪುಟದಲ್ಲಿ ಹೇಳಿದೆವು. ಜೊತೆಗೆ, ಕೊಲೆಗಾರ ಯಾರು ಅಂತ ಬರೆಯಬೇಡಿ ಎಂಬ ಒಂದು ವಿನಂತಿ.

ಆ ಸಂಜೆಯದ್ದು ನಾನು ಮರೆಯುವಂಥದ್ದಲ್ಲ. ಕೊನೆಯ ಸಾಲಿನಲ್ಲಿ ನಿಂತಿದ್ದೆ. ಮೊದಲ ಕೊಲೆಗೆ ಎಲ್ಲ ಸರಿಯಾಗಿ ಹೆದರಿದರು. ಆಮೇಲೆ ನಾಯಕಿ ಗೆಳತಿಯ ಹೆಣದ ಮುಂದೆ ಕೂತು "ಏಳ ಬೇ, ಕಣ್ಣ ತಗಿ" ಅನ್ನುತ್ತಾಳೆ. ಮೂರ್ನಾಲ್ಕು ಜನ ನಕ್ಕರು. ಸೆಟ್‌ನಲ್ಲಿ ಆ ಮಾತು ಆಡಿದಾಗ ಲೈಟ್ ಹಿಡಿದ ಹುಡುಗ ಕಣ್ಣು ಒರೆಸಿಕೊಂಡಿದ್ದ. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಕನ್ನಡ ಸಿನಿಮಾದಲ್ಲಿ ನಮ್ಮ ಕಡೆಯ ಮಾತು ಬಹಳ ವರ್ಷದಿಂದ ನಗಿಸೋಕೆ ಮಾತ್ರ ಬಳಕೆಯಾಗಿದೆ. ಹೀರೋ ಮೈಸೂರು ಬೆಂಗಳೂರಿನ ಕನ್ನಡ ಆಡುತ್ತಾನೆ, ಅವನ ಪಕ್ಕದ ಕಾಮಿಡಿಯವನು ನಮ್ಮ ಭಾಷೆ ಆಡುತ್ತಾನೆ. ಕಿವಿ ಹಾಗೆ ಪಳಗಿದೆ. ಆ ಭಾಷೆಯಲ್ಲಿ ಒಬ್ಬಳು ಅತ್ತರೆ ಒಂದು ಕ್ಷಣ ನಗು ಬರುತ್ತದೆ. ಅಲ್ಲಿ ನಕ್ಕವರಲ್ಲಿ ಒಬ್ಬರು ಸಿನಿಮಾ ಮುಗಿದ ಮೇಲೆ ತಾವೇ ಬಂದು ಕ್ಷಮೆ ಕೇಳಿದರು. ದೊಡ್ಡ ಮನಸ್ಸು ಅವರದ್ದು. ಅವರ ವಿಮರ್ಶೆಯಲ್ಲಿ ಭಾಷೆಯ ಬಗ್ಗೆಯೇ ಒಂದು ಪ್ಯಾರಾ ಇತ್ತು. ಮಾತನ್ನು ಬದಲಾಯಿಸಿ ಡಬ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಬಿಡುಗಡೆಗೆ ಮುಂಚೆ 'ಪ್ಯಾಕೇಜ್' ಫೋನುಗಳು ಬರುತ್ತವೆ. ಇಷ್ಟು ಕೊಟ್ಟರೆ ಇಷ್ಟು ಸ್ಟಾರ್, ಇಷ್ಟು ವಿಡಿಯೋ, ಇಷ್ಟು ಮಂದಿಯ ಪಬ್ಲಿಕ್ ರಿವ್ಯೂ. ನಮಗೆ ಬಂದ ಒಂದು ಫೋನಿನಲ್ಲಿ 60 ಸಾವಿರ ಕೇಳಿದರು. ಕೊಡದಿದ್ದರೆ ಹೇಗೆ ಬರುತ್ತದೆ ಅಂತ ಗ್ಯಾರಂಟಿ ಇಲ್ಲ ಎಂದರು. ಕೊಡಲಿಲ್ಲ. ಹಣ ಇರಲಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ಈ ಥರದ ಸಿನಿಮಾ ನೋಡುವ ಹುಡುಗರು ಬಹಳ ಚುರುಕು. ಐದಕ್ಕೆ ನಾಲ್ಕೂವರೆ ಸ್ಟಾರ್ ನೋಡಿದ ತಕ್ಷಣ ಅನುಮಾನ ಪಡುತ್ತಾರೆ. ಬೈದ ವಿಮರ್ಶೆಯಲ್ಲಿ 'ಎರಡನೇ ಕೊಲೆ ನೋಡೋಕೆ ಆಗಲ್ಲ' ಅಂತ ಇದ್ದರೆ ಅದೇ ಅವರಿಗೆ ಆಹ್ವಾನ.

ಶುಕ್ರವಾರ ಬಂತು. ರಾಯಚೂರಿನಲ್ಲಿ ಪರದೆ ಸಿಗುವುದು ಸುಲಭ ಅಲ್ಲ. ಗಡಿ ಊರು, ತೆಲುಗು ಸಿನಿಮಾಗಳಿಗೆ ಇಲ್ಲಿ ದೊಡ್ಡ ಪ್ರೇಕ್ಷಕರಿದ್ದಾರೆ. ದೊಡ್ಡ ತೆಲುಗು ಸಿನಿಮಾ ಬರುವ ವಾರ ನೀವು ಬರಬೇಡಿ. ನಮಗೆ ದಿನಕ್ಕೆ ಎರಡು ಆಟ ಸಿಕ್ಕವು. ಸಿಂಧನೂರಿನಲ್ಲಿ ಒಂದು, ಗಂಗಾವತಿಯಲ್ಲಿ ಒಂದು, ಬಳ್ಳಾರಿಯಲ್ಲಿ ಒಂದು. ಬೆಂಗಳೂರಿನಲ್ಲಿ ಮಲ್ಟಿಪ್ಲೆಕ್ಸ್‌ಗಳ ಬೆಳಗಿನ ಆಟ. ಡಿಜಿಟಲ್ ಪ್ರೊಜೆಕ್ಷನ್‌ಗೆ ಪ್ರತಿ ಪರದೆಗೂ ಹಣ ಕಟ್ಟಬೇಕು. ಹತ್ತು ಜನ ಬಂದರೂ ಅಷ್ಟೇ, ಹೌಸ್‌ಫುಲ್ ಆದರೂ ಅಷ್ಟೇ. ಪರದೆ ಕಡಿಮೆ ಇಟ್ಟುಕೊಳ್ಳಿ.

ಶುಕ್ರವಾರ ಮಧ್ಯಾಹ್ನದಿಂದಲೇ ವಿಡಿಯೋ ವಿಮರ್ಶೆಗಳು ಶುರುವಾದವು. ಒಬ್ಬ ಹುಡುಗ ಮೊದಲ ನಿಮಿಷದಲ್ಲೇ ಕೊಲೆಗಾರ ಯಾರು ಅಂತ ಹೇಳಿಬಿಟ್ಟ. ಎದೆ ಒಡೆದಂತಾಯಿತು. ಸಂದೇಶ ಕಳಿಸಿದೆ, ಉತ್ತರ ಬರಲಿಲ್ಲ. ಆಗ ಎಡಿಟರ್ ನನಗೆ ನೆನಪಿಸಿದ್ದು 1980ರ 'ಫ್ರೈಡೇ ದಿ 13ತ್' ಕಥೆ. ಅದಕ್ಕೆ ಆದ ಖರ್ಚು ಐದೂವರೆ ಲಕ್ಷ ಡಾಲರ್. ಸಿಸ್ಕೆಲ್ ತನ್ನ ವಿಮರ್ಶೆಯಲ್ಲಿ ಬೇಕೆಂದೇ ಕೊನೆಯ ಗುಟ್ಟು ಬಿಟ್ಟುಕೊಟ್ಟ. ಸಿಟ್ಟಿದ್ದವರು ಬರೆಯಲಿ ಅಂತ ವಿತರಣೆ ಕಂಪನಿಯ ಮಾಲೀಕ ಸಂಸ್ಥೆಯ ಮುಖ್ಯಸ್ಥನ ವಿಳಾಸವನ್ನೂ ಛಾಪಿಸಿದ. ಕೆಟ್ಟ ಸಿನಿಮಾಗಳಿಗೆ ಕೊಡುವ ರಾಜ್ಜೀ ಪ್ರಶಸ್ತಿಯ ಮೊದಲ ವರ್ಷವೇ ಅದು ನಾಮನಿರ್ದೇಶನ ಪಡೆಯಿತು. ಅದೇ ಸಿನಿಮಾ ಅಮೆರಿಕದಲ್ಲೇ ಸುಮಾರು 4 ಕೋಟಿ ಡಾಲರ್ ಗಳಿಸಿತು. ಗುಟ್ಟು ಬಯಲಾದರೆ ಸಿನಿಮಾ ಸಾಯುವುದಿಲ್ಲ. ಅವತ್ತು ರಾತ್ರಿ ಆಟಕ್ಕೆ ಜನ ಬಂದರು, ಕೂಗಿದರು.

ಶನಿವಾರ ಬೆಳಗ್ಗೆ ಪತ್ರಿಕೆ ತರಲು ಬಸ್‌ಸ್ಟ್ಯಾಂಡ್‌ಗೆ ಹೋದೆ. ಒಂದರಲ್ಲೂ ನಮ್ಮ ವಿಮರ್ಶೆ ಇಲ್ಲ. ಬಂದಿಲ್ಲವೇನೋ ಅಂತ ಅಳು ಬರುವ ಹಾಗಾಯಿತು. ಪಿಆರ್‌ಒಗೆ ಫೋನ್ ಮಾಡಿದ ಮೇಲೆ ಗೊತ್ತಾಯಿತು, ಬೆಂಗಳೂರಿನ ಆವೃತ್ತಿಯಲ್ಲಿ ಬಂದಿದೆ, ನಮ್ಮ ಕಡೆಯ ಆವೃತ್ತಿಯಲ್ಲಿ ಆ ಪುಟ ಬೇರೆ. ಇ-ಪೇಪರ್‌ನಲ್ಲಿ ತೆಗೆದು ಓದಿದೆವು. ಇದನ್ನು ನೆನಪಿಡಿ. ಬಂದ ದಿನವೇ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಹುಡುಕಿದರೆ ಹಣ ಕಟ್ಟಬೇಕಾಗುತ್ತದೆ, ಕೆಲವು ಸಿಗುವುದೇ ಇಲ್ಲ.

ಸ್ಟಾರ್‌ಗಳು ಎರಡರಿಂದ ಮೂರೂವರೆವರೆಗೆ ಬಂದವು. ಎರಡು ಸ್ಟಾರ್ ಕೊಟ್ಟ ಒಬ್ಬರು 'ರಾತ್ರಿ ಹೊತ್ತು ಹೆಣ್ಣುಮಕ್ಕಳು ಫ್ಯಾಕ್ಟರಿಯಲ್ಲಿ ಯಾಕಿರುತ್ತಾರೆ, ಲಾಜಿಕ್ ಇಲ್ಲ' ಅಂತ ಬರೆದರು. ಇನ್ನೊಬ್ಬರು ಮುಖಕ್ಕೆ ಬಟ್ಟೆ ಕಟ್ಟಿದ್ದು ಹಾಲಿವುಡ್ ನಕಲು ಅಂದರು. ಇಬ್ಬರೂ ಪ್ರೆಸ್ ಶೋಗೆ ಬಂದವರಲ್ಲ, ನಮ್ಮ ನೋಟ್ ಓದಿದವರಲ್ಲ. ರಾಯಚೂರಿನ ಆಟದಲ್ಲಿ ಈ ಪ್ರಶ್ನೆ ಯಾರಿಗೂ ಬರಲಿಲ್ಲ. ಫ್ಯಾಕ್ಟರಿಯಲ್ಲಿ ದುಡಿದ ಒಬ್ಬ ಹಿರಿಯರು ಹೊರಗೆ ಬಂದು ನನ್ನ ಕೈ ಹಿಡಿದರು. "ಆ ಮಷಿನ್ ಸೌಂಡ್ ಖರೇವಂದ್ರ ಹಂಗ ಐತಿ ನೋಡ್ರಿ. ಒಬ್ಬರು ಒದರಿದ್ರ ಒಬ್ಬರಿಗೆ ಕೇಳಂಗಿಲ್ಲ" ಅಂದರು. ನನಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿರಲಿಲ್ಲ. ಆದರೆ ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಓಟಿಟಿಯವರಿಗೆ ತೋರಿಸಲೂ ಆಗುವುದಿಲ್ಲ. ಅವರ ಅನುಮತಿ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮುಂದೆ ಅದು ಬಹಳ ಉಪಯೋಗಕ್ಕೆ ಬಂತು.

ಒಬ್ಬರು ನಮ್ಮಲ್ಲಿ ರುಂಡ ಹಾರುವ ದೃಶ್ಯ ಇದೆ ಅಂತ ಬರೆದರು. ಇಲ್ಲ. ಕುಡಗೋಲು ಎತ್ತಿದ ಮೇಲೆ ಹತ್ತಿ ಮಾತ್ರ ಕಾಣುತ್ತದೆ. ಟೆಕ್ಸಸ್ ಸಿನಿಮಾದ ಬಗ್ಗೆ ಓದಿದ್ದು ನೆನಪಾಗಿ ಅದನ್ನು ನಾವು ಮೆಚ್ಚುಗೆ ಅಂತಲೇ ತೆಗೆದುಕೊಂಡೆವು.

ಎಲ್ಲಕ್ಕಿಂತ ಜಾಸ್ತಿ ಯೋಚನೆಗೆ ಹಚ್ಚಿದ್ದು ಒಬ್ಬ ವಿಮರ್ಶಕಿ ಬರೆದದ್ದು. ಎರಡೂವರೆ ಸ್ಟಾರ್. ನಾಯಕಿ ತಪ್ಪಿಸಿಕೊಳ್ಳುವುದು ಓಡಿ ಅಲ್ಲ, ಯಂತ್ರ ಗೊತ್ತಿರುವುದರಿಂದ, ಯಾವ ಬೆಲ್ಟ್ ಯಾವಾಗ ಬಿಚ್ಚುತ್ತದೆ ಅಂತ ದುಡಿದವಳಿಗೆ ತಿಳಿದಿರುವುದರಿಂದ, ಇದು ಕನ್ನಡದಲ್ಲಿ ಅಪರೂಪ ಅಂತ ಬರೆದಿದ್ದರು. ಅದನ್ನು ಗುರುತಿಸಿದವರು ಅವರೊಬ್ಬರೇ. ಆದರೆ ಎರಡನೇ ಕೊಲೆ ಎಡಿಟಿಂಗ್‌ನಲ್ಲಿ ಮುಗ್ಗರಿಸಿದೆ, ಸತ್ತವಳ ಮುಖ ನೋಡಲೂ ಸಿನಿಮಾ ಪುರುಸೊತ್ತು ಕೊಡುವುದಿಲ್ಲ, ಅವಳು ಲೆಕ್ಕಕ್ಕೇ ಇಲ್ಲ ಅನ್ನಿಸುತ್ತದೆ ಎಂದಿದ್ದರು. ಸೆನ್ಸಾರ್‌ಗೆ ಮುಂಚೆ ಆ ಮುಖ ಇತ್ತು. ಅವಳು ಉಸಿರು ಬಿಡುವವರೆಗೆ ಕ್ಯಾಮೆರಾ ಅವಳ ಕಣ್ಣಲ್ಲೇ ನಿಂತಿತ್ತು. ಕಟ್‌ನಲ್ಲಿ ಹೋದದ್ದು ಅದೇ.

ವಿಮರ್ಶಕರು ನೋಡುವುದು ಕತ್ತರಿಸಿದ ಸಿನಿಮಾವನ್ನು. ಏನು ಹೋಗಿದೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಎಡಿಟರ್‌ಗೆ ಬೈಗುಳ ಬೀಳುತ್ತದೆ. ಹಾಗಾಗಿ ಸೆನ್ಸಾರ್‌ಗೆ ಮುಂಚೆಯೇ ಅಂಥ ದೃಶ್ಯಗಳ ಎರಡು ರೂಪ ಎಡಿಟ್ ಮಾಡಿಟ್ಟುಕೊಳ್ಳಿ. ರಕ್ತ ಕಡಿಮೆ ಇದ್ದು ಮುಖ ಉಳಿಯುವ ರೂಪವನ್ನೇ ಕಳಿಸಿ. ಸ್ಲಾಷರ್‌ನಲ್ಲಿ ಸಾಯುವವಳು ಮನುಷ್ಯಳು ಅಂತ ತೋರಿಸುವ ಶಾಟ್ ಹೋದರೆ 1980ರ ಆ ದೂರೆಲ್ಲ ನಿಮ್ಮ ಮೇಲೆ ನ್ಯಾಯವಾಗಿಯೇ ಬೀಳುತ್ತದೆ. ಆ ವಿಮರ್ಶಕಿಗೆ ನಾನು ವಾದ ಮಾಡದೆ, ಏನಿತ್ತು ಏನು ಹೋಯಿತು ಅಂತ ಎರಡು ಸಾಲು ಬರೆದೆ. ಅವರು ಮರುದಿನ ಉತ್ತರ ಬರೆದರು. ಸ್ಟಾರ್ ಬದಲಾಯಿಸಲಿಲ್ಲ, ಬದಲಾಯಿಸಬೇಕು ಅಂತ ನಾನು ಕೇಳಲೂ ಇಲ್ಲ. ನಾಯಕಿಯ ಪಾತ್ರದ ಬಗ್ಗೆ ಬೇರೆ ಲೇಖನ ಬರೆಯುವಾಗ ನಮ್ಮನ್ನು ನೆನಪಿಸಿಕೊಂಡರು.

ಎರಡನೇ ವಾರ ಬೆಂಗಳೂರಿನ ಆಟಗಳು ಹೋದವು. ರಾಯಚೂರು, ಸಿಂಧನೂರು ಉಳಿದವು. ಥಿಯೇಟರಿನಿಂದ ನಮ್ಮ ಪಾಲಿಗೆ ಬಂದದ್ದು ಖರ್ಚಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಆ ದಿನಗಳಲ್ಲಿ ಹಣ ಹಾಕಿದ ಗೆಳೆಯರ ಮುಖ ನೋಡುವುದು ಕಷ್ಟವಾಗಿತ್ತು. ಅವರು ಒಂದು ಮಾತೂ ಆಡಲಿಲ್ಲ.

ಓಟಿಟಿಗೆ ಹೋದಾಗ ತಿಳಿದದ್ದು, ವಿಮರ್ಶೆಯೂ ಒಂದು ದಾಖಲೆ. ಪ್ರಮಾಣಪತ್ರ, ಹಕ್ಕುಗಳ ಕಾಗದ, ನಟರ ಮತ್ತು ಸಂಗೀತದ ಒಪ್ಪಂದಗಳ ಜೊತೆ ವಿಮರ್ಶೆಗಳನ್ನೂ ಕೇಳಿದರು. ನಾವು ಹೊಗಳಿದ್ದನ್ನು ಮಾತ್ರ ಆರಿಸಿ ಕಳಿಸಲಿಲ್ಲ. ಎಲ್ಲವನ್ನೂ, ಎರಡು ಸ್ಟಾರಿನದ್ದನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಒಂದೊಂದು ಪ್ಯಾರಾ ಸಾರಾಂಶ ಮಾಡಿ ಕಳಿಸಿದೆವು. ಜೊತೆಗೆ ಥಿಯೇಟರ್ ಹೊರಗೆ ರೆಕಾರ್ಡ್ ಮಾಡಿದ ಮಾತುಗಳು. ಒಂದೆರಡು ಕಡೆ ಉತ್ತರವೇ ಬರಲಿಲ್ಲ. ಒಂದು ಕಡೆ ಸ್ಟಾರ್ ನಟ ಇಲ್ಲ ಅಂದರು. ಕೊನೆಗೆ ಒಪ್ಪಿದವರು ಹೇಳಿದ್ದು, ಬೈದ ವಿಮರ್ಶೆಗಳಲ್ಲೂ ಒಂದೇ ದೃಶ್ಯದ ಮಾತು ಬರುತ್ತಿದೆ, ಅಂದರೆ ಜನ ನೋಡುತ್ತಾರೆ ಅಂತ. 'ಟೆರಿಫೈಯರ್ 2' ಅನ್ನೋ ಅಮೆರಿಕದ ಸಿನಿಮಾದ ಉದಾಹರಣೆ ಅವರೇ ಕೊಟ್ಟರು. ಎರಡೂವರೆ ಲಕ್ಷ ಡಾಲರ್‌ನಲ್ಲಿ ಮಾಡಿದ್ದು, 2022ರಲ್ಲಿ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ನೋಡೋಕೆ ಆಗಲ್ಲ ಅನ್ನೋ ಮಾತೇ ಅದಕ್ಕೆ ಪ್ರಚಾರವಾಗಿತ್ತು.

ಒಪ್ಪಂದದಲ್ಲಿ ಮುಂಗಡ ಇಲ್ಲ. ನೋಡಿದ ಗಂಟೆಗಳ ಮೇಲೆ ಪಾಲು, ಮೂರು ತಿಂಗಳಿಗೊಮ್ಮೆ ಲೆಕ್ಕ. ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ. ನಮಗೆ ಅದಕ್ಕೆ 5 ಸಾವಿರ ಆಯಿತು. ಹಕ್ಕು ಎಷ್ಟು ವರ್ಷ, ಬೇರೆ ಭಾಷೆಗೆ ಡಬ್ ಮಾಡುವ ಹಕ್ಕು ಯಾರದ್ದು, ಈ ಎರಡು ಸಾಲುಗಳನ್ನು ವಕೀಲರು ಬದಲಾವಣೆ ಮಾಡಿಸಿದರು. ತೆಲುಗು ಡಬ್ಬಿಂಗ್ ಹಕ್ಕು ನಮ್ಮ ಕೈಯಲ್ಲೇ ಉಳಿದಿದೆ. ರಾಯಚೂರಿನಲ್ಲಿ ಕೂತವನಿಗೆ ಅದು ಬಹಳ ಮುಖ್ಯ. ಓಟಿಟಿಯಲ್ಲಿ ಬಂದ ದಿನ ಎರಡನೇ ಸುತ್ತಿನ ವಿಮರ್ಶೆಗಳು ಬರುತ್ತವೆ. ಅದಕ್ಕೆ ಕನ್ನಡ ಮತ್ತು ಇಂಗ್ಲಿಷ್ ಸಬ್‌ಟೈಟಲ್ ನಾವೇ ಮಾಡುತ್ತಿದ್ದೇವೆ. "ಏಳ ಬೇ, ಕಣ್ಣ ತಗಿ" ಅನ್ನೋದನ್ನು ಕನ್ನಡ ಸಬ್‌ಟೈಟಲ್‌ನಲ್ಲಿ ಹಾಗೇ ಬಿಟ್ಟಿದ್ದೇವೆ.